ಹುಡುಕಿದ್ದು ಇನ್ನೂ ಸಿಕ್ಕಿಲ್ಲ ಎನ್ನುವವರ ಹಾಡು

ದೇವರನ್ನು ನಂಬುವವರು ಕಟ್ಟಿದ ಹಾಡುಗಳಲ್ಲಿ ನನಗೆ ಹತ್ತಿರವಾದವು ದೇವರ ಮುಂದೆ ತಕರಾರು ತೆಗೆಯುವ ಹಾಡುಗಳೇ. ಹೊಗಳುವ ಹಾಡುಗಳನ್ನೂ ಕೇಳುತ್ತೇನೆ, ಇಂಪಾಗಿದ್ದರೆ ತಲೆದೂಗುತ್ತೇನೆ, ಅಷ್ಟೆ. ‘ಎಲ್ಲಿದ್ದೀಯಪ್ಪಾ, ಇನ್ನೂ ಎಷ್ಟು ಕಾಲ ಹೀಗೆ?’ ಎಂದು ಕೇಳುವ ಹಾಡು ಬಂದರೆ ಮಾಡುತ್ತಿದ್ದ ಕೆಲಸ ಕೈಬಿಟ್ಟು ಕೂರುತ್ತೇನೆ. ದಾವಣಗೆರೆಯ ಹಳೇ ಊರಿನಲ್ಲಿ, ಮಠದ ಪ್ರವಚನ, ಶ್ರಾವಣದ ಭಜನೆ, ವಚನ ಗಾಯನಗಳ ನಡುವೆ ಬೆಳೆದ ನನ್ನ ಜೊತೆ ಐರ್ಲೆಂಡಿನ ರಾಕ್ ಬ್ಯಾಂಡೊಂದು ಇಷ್ಟು ವರ್ಷ ಉಳಿದುಕೊಂಡದ್ದಕ್ಕೆ ಇದೇ ಕಾರಣ.

ಬ್ಯಾಂಡಿನ ಹೆಸರು ಯು2. ತೊಂಬತ್ತರ ದಶಕದಲ್ಲಿ ನಮ್ಮೂರಿನ ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಿಗೆ ದೇಶದ ಮೂಲೆಮೂಲೆಯಿಂದ ಹುಡುಗರು ಬರುತ್ತಿದ್ದರು. ಅವರ ಟ್ರಂಕುಗಳ ಜೊತೆ ನಾವು ಕಂಡಿರದ ಕ್ಯಾಸೆಟ್ಟುಗಳೂ ಬರುತ್ತಿದ್ದವು. ನನ್ನ ತರಗತಿಯಲ್ಲಿ ಮಿಜೋರಾಂನ ಐಜ್ವಾಲ್‌ನವನೊಬ್ಬನಿದ್ದ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವನು, ಗಿಟಾರ್ ನುಡಿಸುವವನು, ಬಂದ ಮೊದಲ ವಾರದಲ್ಲೇ ಬೆಣ್ಣೆ ದೋಸೆಗೆ ಸೋತವನು. ಅವನ ಬಾಡಿಗೆ ಕೋಣೆಯಲ್ಲಿ ‘ದಿ ಜೋಶುವಾ ಟ್ರೀ’ ಕ್ಯಾಸೆಟ್ ಕೇಳಿದಾಗ ಅರ್ಧದಷ್ಟು ಇಂಗ್ಲಿಷ್ ನನ್ನ ತಲೆಗೆ ಹೋಗಲಿಲ್ಲ. ಹೋದಷ್ಟೇ ಸಾಕಾಯಿತು. ಅದರಲ್ಲೊಂದು ಹಾಡಿನಲ್ಲಿ ಹಾಡುಗಾರ ಬೆಟ್ಟ ಹತ್ತಿದ್ದನ್ನು, ಬಯಲಿನಲ್ಲಿ ಓಡಿದ್ದನ್ನು ಹೇಳುತ್ತಾನೆ, ತನಗಾಗಿ ಶಿಲುಬೆ ಹೊತ್ತವನನ್ನು ನಂಬಿದ್ದೇನೆ ಅನ್ನುತ್ತಾನೆ. ಅಷ್ಟೆಲ್ಲ ಆದಮೇಲೂ, ಹುಡುಕುತ್ತಿರುವುದು ಇನ್ನೂ ಸಿಕ್ಕಿಲ್ಲ ಎಂದು ಹಾಡು ಮುಗಿಸುತ್ತಾನೆ.

ನಂಬಿದ್ದೇನೆ, ಆದರೂ ಸಿಕ್ಕಿಲ್ಲ. ಮಠದಲ್ಲಿ ಪ್ರವಚನ ಹೇಳುವವರು ಹೀಗೆ ಒಪ್ಪಿಕೊಂಡದ್ದನ್ನು ನಾನು ಕೇಳಿರಲಿಲ್ಲ. ವಚನಗಳಲ್ಲಿ ಮಾತ್ರ ಕೇಳಿದ್ದೆ. ಗಿಡಮರ, ಹಕ್ಕಿಗಳನ್ನೆಲ್ಲ ನಿಲ್ಲಿಸಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ವಿಚಾರಿಸುವ ಅಕ್ಕಮಹಾದೇವಿಯಲ್ಲಿ ಅದಿತ್ತು. ತನ್ನ ಮನಸ್ಸಿನ ಚಂಚಲತೆಯನ್ನು ಮುಚ್ಚಿಡದೆ ಕೂಡಲಸಂಗಮನ ಮುಂದೆ ಹರಡುವ ಬಸವಣ್ಣನಲ್ಲಿ ಅದಿತ್ತು. ಹಾಗಾಗಿ ಆ ಸಂಜೆ ಐಜ್ವಾಲ್ ಗೆಳೆಯನ ಕೋಣೆಯಲ್ಲಿ ನನಗೆ ಹೊಸದು ಕೇಳಿದಂತೆ ಅನ್ನಿಸಲೇ ಇಲ್ಲ. ವಾದ್ಯ ಬೇರೆ, ಭಾಷೆ ಬೇರೆ. ಒಳಗಿನ ಸಂಕಟ ಪರಿಚಯದ್ದೇ.

ಅಂದಿನಿಂದ ಇಂದಿನವರೆಗೆ ನನ್ನಲ್ಲಿ ಗಟ್ಟಿಯಾಗುತ್ತ ಬಂದ ತಿಳಿವಳಿಕೆ ಒಂದಿದೆ. ಈ ಬ್ಯಾಂಡಿನ ಹೋರಾಟಗಳನ್ನು ಅವರ ನಂಬಿಕೆಯಿಂದ ಬಿಡಿಸಿ ನೋಡಲಾಗದು, ಆ ನಂಬಿಕೆಯನ್ನು ಅವರ ಸಂಶಯದಿಂದಲೂ ಬಿಡಿಸಲಾಗದು. ‘ಸಿಕ್ಕಿಲ್ಲ’ ಎಂದು ಒಪ್ಪಿಕೊಂಡವರಾದ್ದರಿಂದಲೇ ಅವರು ಚರ್ಚಿನೊಳಗೆ ಕೂರಲಿಲ್ಲ. ಬೀದಿಗೆ ಹೋದರು, ಸಂಸತ್ತಿಗೆ ಹೋದರು, ತಮ್ಮ ಮಾತು ಒಪ್ಪದವರ ಮನೆ ಬಾಗಿಲಿಗೂ ಹೋದರು.

ಅವರ ಮೂಲದಲ್ಲೇ ಈ ಇಬ್ಬಂದಿತನವಿದೆ. 1976ರಲ್ಲಿ ಡಬ್ಲಿನ್ನಿನ ಮೌಂಟ್ ಟೆಂಪಲ್ ಶಾಲೆಯ ಸೂಚನಾ ಫಲಕದಲ್ಲಿ ಡ್ರಮ್ಸ್ ಬಾರಿಸುವ ಲ್ಯಾರಿ ಮುಲ್ಲನ್ ಒಂದು ಚೀಟಿ ಹಚ್ಚಿದ, ಬ್ಯಾಂಡ್ ಕಟ್ಟಲು ಜೊತೆಗಾರರು ಬೇಕು ಅಂತ. ಬಂದವರಲ್ಲಿ ಕೊನೆಗೆ ಉಳಿದವರು ಪಾಲ್ ಹ್ಯೂಸನ್, ಡೇವಿಡ್ ಇವಾನ್ಸ್, ಆಡಮ್ ಕ್ಲೇಟನ್. ಮೊದಲ ಇಬ್ಬರನ್ನು ಜಗತ್ತು ಬೊನೊ, ದಿ ಎಡ್ಜ್ ಎಂದು ಕರೆಯುತ್ತದೆ. ಬೊನೊನ ತಂದೆ ಕ್ಯಾಥೊಲಿಕ್, ತಾಯಿ ಪ್ರೊಟೆಸ್ಟಂಟ್. ಈ ಎರಡು ಪಂಥಗಳ ಹೆಸರಿನಲ್ಲಿ ಗಡಿಯಾಚೆ ಉತ್ತರ ಐರ್ಲೆಂಡಿನಲ್ಲಿ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲದಲ್ಲಿ ಆ ಮನೆಯ ಭಾನುವಾರ ಹೇಗಿದ್ದಿತು! ತಾಯಿ ಮಕ್ಕಳು ಒಂದು ಚರ್ಚಿಗೆ, ತಂದೆ ಇನ್ನೊಂದಕ್ಕೆ. ನಮ್ಮ ಪಕ್ಕದ ಹರಿಹರದಲ್ಲಿ ಹೊಯ್ಸಳರ ಕಾಲದ ಗುಡಿಯಿದೆ, ಅರ್ಧ ಹರಿ ಅರ್ಧ ಹರ ಒಂದೇ ಮೂರ್ತಿಯಲ್ಲಿ. 13ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದವರಿಗೂ ಶೈವ ವೈಷ್ಣವ ಜಗಳದ ಬಿಸಿ ತಟ್ಟಿರಲೇಬೇಕು. ಬೊನೊನ ಬಾಲ್ಯ ಓದುವಾಗಲೆಲ್ಲ ನನಗೆ ಆ ಮೂರ್ತಿಯ ನಡುವೆ ಇಳಿಯುವ ಗೆರೆ ಕಣ್ಣಿಗೆ ಬರುತ್ತದೆ.

1974ರಲ್ಲಿ ತನ್ನ ತಂದೆಯ ಅಂತ್ಯಕ್ರಿಯೆಯಲ್ಲಿದ್ದಾಗಲೇ ಬೊನೊನ ತಾಯಿ ಐರಿಸ್ ಕುಸಿದು ಬಿದ್ದರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವನಿಗಾಗ 14 ವರ್ಷ. 1980ರ ಮೊದಲ ಆಲ್ಬಮ್ಮಿನ ಮೊದಲ ಹಾಡೇ ಆ ತಾಯಿಯನ್ನು ಕುರಿತದ್ದು. ಶೋಕಗೀತೆಯಂತೆ ಅದು ಮೆಲ್ಲಗೆ ಬರುವುದಿಲ್ಲ, ಧಾವಿಸಿ ಬರುತ್ತದೆ. ಸತ್ತವಳ ಹಿಂದೆ ಓಡುವ ಹುಡುಗನ ದಾಪುಗಾಲು ಅದರ ತಾಳದಲ್ಲಿದೆ.

ಮುಂದಿನ ವರ್ಷ ಬ್ಯಾಂಡು ಒಡೆದೇ ಹೋಗುವುದರಲ್ಲಿತ್ತು. ಬೊನೊ, ಎಡ್ಜ್, ಲ್ಯಾರಿ ಮೂವರೂ ಶಾಲೋಮ್ ಎಂಬ ಕ್ರೈಸ್ತ ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದರು. ಆಡಮ್ ಅದರಿಂದ ದೂರ. ದೇವರ ಭಯವಿರುವವರಿಗೆ ರಾಕ್ ಸಂಗೀತದ ಹಂಬಲ ಯಾಕೆ, ಅಹಂಕಾರ ಬೆಳೆಸುವ ಈ ಬದುಕು ಬಿಟ್ಟುಬಿಡಿ ಎಂದು ಗುಂಪಿನವರ ಒತ್ತಾಯ. ಎಡ್ಜ್ ಬಿಡಲು ಮನಸ್ಸು ಮಾಡಿದ, ಅವನ ಹಿಂದೆ ಬೊನೊ. ಅಷ್ಟರಲ್ಲಿ ಪ್ರವಾಸಕ್ಕೆ ಸಹಿ ಬಿದ್ದಾಗಿತ್ತು. ಕೊಟ್ಟ ಮಾತು ಮುರಿಯಿರಿ ಅಂತ ನಿಮ್ಮ ದೇವರು ಹೇಳುತ್ತಾನೆಯೇ ಎಂಬ ಅರ್ಥದಲ್ಲಿ ಮ್ಯಾನೇಜರ್ ಪಾಲ್ ಮೆಕ್‌ಗಿನ್ನಿಸ್ ಕೇಳಿದನಂತೆ. ಅವರು ಪ್ರವಾಸಕ್ಕೆ ಹೊರಟರು, ಶಾಲೋಮ್ ಬಿಟ್ಟರು.

ಇದನ್ನು ನಾನು ಬಹಳ ಮುಖ್ಯ ಅಂದುಕೊಂಡಿದ್ದೇನೆ. ಆ ಮೂವರೂ ನಂಬಿಕೆ ಬಿಡಲಿಲ್ಲ, ನಂಬಿಕೆಯ ಗುತ್ತಿಗೆ ಹಿಡಿದವರನ್ನು ಬಿಟ್ಟರು. ನಂಬದ ಆಡಮ್‌ನನ್ನು ಜೊತೆಗಿಟ್ಟುಕೊಂಡರು. ಮೂವರು ಪ್ರಾರ್ಥಿಸುವಾಗ ನಾಲ್ಕನೆಯವನು ಹೊರಗಿರುತ್ತಿದ್ದ ಆ ವರ್ಷಗಳ ಬಿರುಕು ಮುಚ್ಚಲು ಅವರಿಗೆ ಸಮಯ ಹಿಡಿಯಿತು. ಆದರೆ ಒಂದೇ ವೇದಿಕೆಯಲ್ಲಿ ನಂಬುವವನೂ ನಂಬದವನೂ ನಿಂತು ಒಂದೇ ಹಾಡು ಹಾಡಬಹುದು ಎಂಬುದನ್ನು ಅವರು ಕಲಿತದ್ದು ಅಲ್ಲೇ, ತಮ್ಮೊಳಗೆ.

ಇನ್ನು ‘40’. ಯು2 ಹಾಡುಗಳಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕು ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. 1983ರ ‘ವಾರ್’ ಆಲ್ಬಮ್ಮಿನ ಕೊನೆಯ ಹಾಡು. ಸ್ಟುಡಿಯೋ ಅವಧಿ ಮುಗಿಯುತ್ತಾ ಬಂದಿದೆ, ಆಲ್ಬಮ್ಮಿಗೆ ಇನ್ನೊಂದು ಹಾಡು ಬೇಕು, ಆಡಮ್ ಆಗಲೇ ಹೊರಟುಹೋಗಿದ್ದಾನೆ. ಎಡ್ಜ್ ಅವನ ಬೇಸ್ ಗಿಟಾರ್ ಕೈಗೆತ್ತಿಕೊಂಡ. ಬೊನೊ ಬೈಬಲ್ ತೆರೆದು 40ನೇ ಕೀರ್ತನೆಯನ್ನು ಹಾಡತೊಡಗಿದ. ಕೆಸರಿನ ಗುಂಡಿಯಿಂದ ದೇವರು ನನ್ನನ್ನು ಮೇಲೆತ್ತಿದ, ಕಾಲನ್ನು ಬಂಡೆಯ ಮೇಲೆ ಊರಿಸಿದ, ಬಾಯಲ್ಲಿ ಹೊಸ ಹಾಡು ಇಟ್ಟ ಎನ್ನುವ ಕೀರ್ತನೆ ಅದು. ಅಷ್ಟಕ್ಕೇ ನಿಂತಿದ್ದರೆ ಅದೊಂದು ಸ್ತುತಿಗೀತೆ. ಪಲ್ಲವಿಗೆ ಅವನು ಇನ್ನೊಂದು ಕೀರ್ತನೆಯ ಆರ್ತನಾದವನ್ನು ತಂದು ಜೋಡಿಸಿದ: ಎಷ್ಟು ಕಾಲ, ಎಷ್ಟು ಕಾಲ? ಮೇಲೆತ್ತಿದ್ದಕ್ಕೆ ಕೃತಜ್ಞತೆಯೂ ಇದೆ, ಇನ್ನೂ ಎಷ್ಟು ಕಾಯಬೇಕು ಎಂಬ ಕೂಗೂ ಇದೆ. ಎರಡೂ ಒಂದೇ ಉಸಿರಿನಲ್ಲಿ.

ಅನೇಕ ವರ್ಷ ಅವರ ಕಛೇರಿಗಳು ಇದರೊಂದಿಗೆ ಮುಗಿಯುತ್ತಿದ್ದವು. ಎಡ್ಜ್ ಬೇಸ್ ಹಿಡಿಯುತ್ತಾನೆ, ಆಡಮ್ ಗಿಟಾರ್ ಹಿಡಿಯುತ್ತಾನೆ. ಹಾಡಿನ ನಡುವೆಯೇ ಬೊನೊ ವೇದಿಕೆಯಿಂದ ಇಳಿದು ಹೋಗುತ್ತಾನೆ, ಆಮೇಲೆ ಇನ್ನೊಬ್ಬ, ಮತ್ತೊಬ್ಬ, ಕಡೆಗೆ ಲ್ಯಾರಿ ಡ್ರಮ್ ಕೋಲು ಕೆಳಗಿಟ್ಟು ಹೋಗುತ್ತಾನೆ. ವೇದಿಕೆ ಖಾಲಿ. ಆದರೆ ಸಾವಿರಾರು ಜನ ‘ಎಷ್ಟು ಕಾಲ’ ಎಂದು ಹಾಡುತ್ತಲೇ ಇರುತ್ತಾರೆ, ಮೈದಾನದಿಂದ ಹೊರಗೆ ನಡೆಯುವಾಗಲೂ. ಅದರಲ್ಲಿ ಚರ್ಚಿಗೆ ಹೋಗುವವರೆಷ್ಟು, ಹೋಗದವರೆಷ್ಟು ಎಂದು ಯಾರೂ ಕೇಳುವುದಿಲ್ಲ. ಪ್ರಾರ್ಥನೆಯನ್ನು ಜನರ ಬಾಯಿಗೆ ಕೊಟ್ಟು ತಾವು ಹೊರಟುಬಿಡುವ ಈ ಕ್ರಮಕ್ಕಿಂತ ದೊಡ್ಡ ಧಾರ್ಮಿಕ ವಿಧಿಯನ್ನು ರಾಕ್ ಸಂಗೀತದಲ್ಲಿ ನಾನು ಕಂಡಿಲ್ಲ.

ಗಿಟಾರ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಎಡ್ಜ್ ವೇಗದ ಗಿಟಾರ್ ವಾದಕನಲ್ಲ. ಅವನು ಬಾರಿಸುವ ಸ್ವರಗಳು ಕಡಿಮೆ. ಮೊದಲ ದಿನಗಳಲ್ಲಿ ಮೆಮೊರಿ ಮ್ಯಾನ್ ಎಂಬ ಎಕೋ ಪೆಡಲ್ ಕೊಂಡ, ಅದರಿಂದ ಬ್ಯಾಂಡಿನ ನಾದವೇ ಬದಲಾಯಿತು. ಐಜ್ವಾಲ್ ಗೆಳೆಯನ ಬಳಿ ಪೆಡಲ್ ಇರಲಿಲ್ಲ. ಮಂಚದ ತುದಿಯಲ್ಲಿ ಕೂತು, ಎಡಗಾಲಿನಲ್ಲಿ ತಾಳ ಹಾಕುತ್ತ ತಂತಿ ಮೀಟಿ, ಮಾರ್ದನಿ ಬೀಳುವ ಜಾಗದಲ್ಲಿ ಬಾಯಿಂದ ‘ಟಕ್’ ಅನ್ನುತ್ತ ತೋರಿಸಿಕೊಟ್ಟಿದ್ದ. ಒಂದು ತಾಳದ ಮುಕ್ಕಾಲು ಪಾಲು ಕಳೆದಾಗ ಸ್ವರ ಮರಳಿ ಬರುತ್ತದೆ. ಅಷ್ಟರಲ್ಲಿ ಎಡ್ಜ್ ಮುಂದಿನ ಸ್ವರ ಮೀಟಿರುತ್ತಾನೆ. ಹೊಸದೂ ಮರಳಿ ಬಂದದ್ದೂ ಹೆಣೆದುಕೊಂಡು ಒಬ್ಬನ ಕೈಯಿಂದ ಹಲವರ ಸದ್ದು ಹೊರಡುತ್ತದೆ. ಶ್ರಾವಣದಲ್ಲಿ ಮಠದ ಅಂಗಳದ ಭಜನೆ ಕೇಳಿದವರಿಗೆ ಇದು ತಟ್ಟನೆ ತಿಳಿಯುತ್ತದೆ: ಮುಂದಾಳು ಸಾಲಿನ ಕೊನೆ ಮುಟ್ಟುವ ಮೊದಲೇ ಹಿಂದಿನವರು ಅದನ್ನು ಎತ್ತಿಕೊಂಡಿರುತ್ತಾರೆ, ಅವರದು ಮುಗಿಯುವ ಮೊದಲೇ ಅವನು ಮುಂದಿನದಕ್ಕೆ ಹೋಗಿರುತ್ತಾನೆ. ‘ವೇರ್ ದಿ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಹಾಡಿನ ಆರಂಭ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ ನೋಡಿ. ಮೊದಲು ಆರ್ಗನ್ ಚರ್ಚಿನ ಬಾಗಿಲು ತೆರೆದಂತೆ ಮೆಲ್ಲಗೆ ಬರುತ್ತದೆ, ಅದರೊಳಗಿಂದ ಈ ಗಿಟಾರ್ ಏಳುತ್ತದೆ.

ಆ ಹಾಡಿನ ಹಿಂದೆ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್ ಇದೆ. ಅಲ್ಲಿ ಯಾರಾದರೂ ತಾನಿರುವ ಬೀದಿ ಹೇಳಿದರೆ ಅವರ ಪಂಥವೂ ಹಣಕಾಸಿನ ಸ್ಥಿತಿಯೂ ತಿಳಿದುಬಿಡುತ್ತದೆ ಎಂಬ ಮಾತು ಬೊನೊನನ್ನು ಕಾಡಿತ್ತು. ನಮ್ಮಲ್ಲಿ ಹೇಗೆ ಬೇರೆ? ಮನೆ ಬಾಡಿಗೆಗೆ ಕೇಳಿದರೆ ‘ಯಾವ ಕೇರಿಯವರು’ ಎಂಬ ಪ್ರಶ್ನೆ ಮೊದಲು ಬರುತ್ತದೆ, ಉಳಿದ ಮಾತೆಲ್ಲ ಉತ್ತರದ ಮೇಲೆ. ಅದೇ ಹಾಡಿನ ಹಿಂದೆ ಇಥಿಯೋಪಿಯಾವೂ ಇದೆ. 1985ರ ಜುಲೈ 13ರಂದು ವೆಂಬ್ಲಿಯಲ್ಲಿ ಕ್ಷಾಮ ಪರಿಹಾರಕ್ಕಾಗಿ ನಡೆದ ಲೈವ್ ಏಡ್‌ನಲ್ಲಿ ಹಾಡಿದ ಮೇಲೆ ಬೊನೊ ಮತ್ತು ಹೆಂಡತಿ ಅಲಿ ಅಲ್ಲಿಗೆ ಹೋಗಿ, ಪರಿಹಾರ ಶಿಬಿರದಲ್ಲಿ ಕೆಲವು ವಾರ ಇದ್ದು ಕೆಲಸ ಮಾಡಿದರು. ಕ್ಯಾಮೆರಾ ಕರೆದುಕೊಂಡು ಹೋಗಿರಲಿಲ್ಲ.

‘ಸಂಡೇ ಬ್ಲಡಿ ಸಂಡೇ’ ಬಗ್ಗೆ ಬರೆಯದ ಅಭಿಮಾನಿ ಇಲ್ಲ, ಹಾಗಾಗಿ ನಾನು ಬೇಗ ಹೇಳಿ ಮುಗಿಸುತ್ತೇನೆ. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರ‍್ರಿಯಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. 13 ಜನ ಅಂದೇ ಸತ್ತರು, ಇನ್ನೊಬ್ಬರು ನಂತರ. ಹಾಡು ಆ ಭಾನುವಾರದ್ದು, ಆದರೆ ಸೇಡಿನ ಹಾಡಾಗಲು ಅವರು ಬಿಡಲಿಲ್ಲ. ವೇದಿಕೆಯ ಮೇಲೆ ಬೊನೊ ಬಿಳಿ ಬಾವುಟ ಹಿಡಿದು, ಇದು ಬಂಡಾಯದ ಹಾಡಲ್ಲ ಎಂದು ಸಾರುತ್ತಿದ್ದ. 1987ರ ನವೆಂಬರ್ 8ರಂದು, ಬ್ರಿಟಿಷ್ ಆಳ್ವಿಕೆ ಕೊನೆಗಾಣಿಸಲು ಶಸ್ತ್ರ ಹಿಡಿದಿದ್ದ ಐರಿಷ್ ರಿಪಬ್ಲಿಕನ್ ಆರ್ಮಿಯ ಬಾಂಬ್ ಅಲ್ಲಿನದೇ ಎನ್ನಿಸ್ಕಿಲನ್‌ನಲ್ಲಿ 11 ಜನರನ್ನು ಕೊಂದಿತು, ಯುದ್ಧದಲ್ಲಿ ಮಡಿದವರನ್ನು ನೆನೆಯಲು ಸೇರಿದವರನ್ನು. ಅಂದೇ ರಾತ್ರಿ ಡೆನ್ವರ್‌ನಲ್ಲಿ ಇದೇ ಹಾಡಿನ ನಡುವೆ ಬೊನೊ ಸಿಡಿದ. ಕ್ರಾಂತಿಯ ವೈಭವ ಎಂದು ದೂರದಲ್ಲಿ ಕೂತು ಮಾತಾಡುವ ಐರಿಷ್ ಅಮೆರಿಕನ್ನರನ್ನು ನೇರವಾಗಿ ತರಾಟೆಗೆ ತೆಗೆದುಕೊಂಡ. ಆ ದೃಶ್ಯದ ಚಿತ್ರೀಕರಣ ಈಗಲೂ ನೋಡಲು ಸಿಗುತ್ತದೆ. ತನ್ನ ಕಡೆಯವರು ಮಾಡಿದ ಕೊಲೆಯನ್ನು ಕೊಲೆ ಎಂದು ತನ್ನವರ ಮುಂದೆಯೇ ಹೇಳುವುದು ಎಷ್ಟು ಕಷ್ಟ ಎಂಬುದು ನಮ್ಮೂರಿನ ಗಲಾಟೆಗಳನ್ನು ಕಂಡವರಿಗೆ ಗೊತ್ತು. 1992ರ ಆಸುಪಾಸಿನ ದಾವಣಗೆರೆಯಲ್ಲಿ ಕರ್ಫ್ಯೂ ಎಂದರೇನು ಎಂದು ಬಲ್ಲ ತಲೆಮಾರು ನಮ್ಮದು.

1998ರ ಮೇ 19. ಬೆಲ್‌ಫಾಸ್ಟಿನ ವಾಟರ್‌ಫ್ರಂಟ್ ಸಭಾಂಗಣ. ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದದ ಜನಮತಗಣನೆಗೆ ಇನ್ನು ಮೂರೇ ದಿನ. ಬ್ರಿಟನ್ ಜೊತೆಗೇ ಉಳಿಯಬೇಕೆನ್ನುವ ಯೂನಿಯನಿಸ್ಟರ ನಾಯಕ ಡೇವಿಡ್ ಟ್ರಿಂಬಲ್, ಐರ್ಲೆಂಡ್ ಒಂದಾಗಬೇಕೆನ್ನುವ ನ್ಯಾಷನಲಿಸ್ಟರ ನಾಯಕ ಜಾನ್ ಹ್ಯೂಮ್ ಇಬ್ಬರನ್ನೂ ಬೊನೊ ವೇದಿಕೆಗೆ ಕರೆದ. ಇಬ್ಬರೂ ಮಾತಾಡಕೂಡದು ಎಂದು ಮೊದಲೇ ನಿಗದಿಯಾಗಿತ್ತು. ಅವರು ಕೈಕುಲುಕಿದರು, ನಡುವೆ ನಿಂತ ಬೊನೊ ಇಬ್ಬರ ಕೈಗಳನ್ನೂ ಮೇಲೆತ್ತಿದ. ಎದುರಿಗಿದ್ದವರು ಹೆಚ್ಚಿನವರು ವಿದ್ಯಾರ್ಥಿಗಳು. ಜನಮತದಲ್ಲಿ ಶೇ 71ರಷ್ಟು ಮಂದಿ ಒಪ್ಪಂದದ ಪರ ನಿಂತರು. ಹಾಡಿನಿಂದಲೇ ಇದಾಯಿತು ಎಂದು ನಾನು ಹೇಳುವುದಿಲ್ಲ. ಹ್ಯೂಮ್ ಮತ್ತು ಟ್ರಿಂಬಲ್ ವರ್ಷಗಟ್ಟಲೆ ದುಡಿದಿದ್ದರು, ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಅವರಿಬ್ಬರಿಗೂ ನ್ಯಾಯವಾಗಿಯೇ ಸಂದಿತು. ಆದರೆ ರಾಜಕಾರಣಿಗಳನ್ನು ವೇದಿಕೆಗೆ ಕರೆದು ಭಾಷಣ ಮಾಡಿಸದೆ ಕಳಿಸಿದ ಸಂಗೀತಗಾರರನ್ನು ನಾನು ಬೇರೆಲ್ಲೂ ನೋಡಿಲ್ಲ.

ಹೋರಾಟದ ಇನ್ನೊಂದು ಮುಖ ಸಾಲದ್ದು. ಲೈವ್ ಏಡ್‌ನಲ್ಲಿ ಜಗತ್ತೆಲ್ಲ ಸೇರಿ ಕೂಡಿಸಿದಷ್ಟು ಹಣವನ್ನು ಆಫ್ರಿಕಾ ಕೆಲವೇ ದಿನಗಳಲ್ಲಿ ಸಾಲದ ಕಂತಾಗಿ ಕಟ್ಟುತ್ತಿತ್ತು ಎಂಬ ಲೆಕ್ಕ ಬೊನೊನನ್ನು ಕೆಣಕಿತು. ಐವತ್ತು ವರ್ಷಕ್ಕೊಮ್ಮೆ ಬಡತನಕ್ಕೆ ಮಾರಿದ ಹೊಲ ಮೂಲದವರಿಗೆ ಮರಳಬೇಕು, ಜೀತಗಾರರನ್ನು ಬಿಡುಗಡೆ ಮಾಡಬೇಕು ಎಂದು ಬೈಬಲಿನ ಯಾಜಕಕಾಂಡದಲ್ಲಿದೆ. ಆ ಜುಬಿಲಿ ವರ್ಷದ ಹೆಸರಿನಲ್ಲೇ ಬಡ ದೇಶಗಳ ಸಾಲ ಮನ್ನಾಕ್ಕಾಗಿ ಜುಬಿಲಿ 2000 ಚಳವಳಿ ನಡೆಯಿತು, ಬೊನೊ ಅದರೊಳಗೆ ಧುಮುಕಿದ. 2005ರಲ್ಲಿ ಗ್ಲೆನೀಗಲ್ಸ್‌ನಲ್ಲಿ ಸೇರಿದ ಶ್ರೀಮಂತ ದೇಶಗಳು 18 ಬಡ ದೇಶಗಳ 4,000 ಕೋಟಿ ಡಾಲರ್ ಸಾಲ ಬಿಡಲು ಒಪ್ಪಿದವು. ನಮ್ಮ ತಾಯಿಯ ತವರು ಚಳ್ಳಕೆರೆ ಕಡೆ. ಮಳೆ ಕೈಕೊಟ್ಟ ವರ್ಷ ಶೇಂಗಾ ಹೊಲದಲ್ಲೇ ಒಣಗುತ್ತಿತ್ತು, ಬಡ್ಡಿ ಒಣಗುತ್ತಿರಲಿಲ್ಲ. ಅಸಲಿನ ಎರಡರಷ್ಟು ಕಟ್ಟಿಯೂ ಸಾಲ ತೀರದ ಮನೆಗಳನ್ನು ನೋಡಿದ ನನಗೆ ಆ ಧರ್ಮಗ್ರಂಥದ ಮಾತು ಅರ್ಥಶಾಸ್ತ್ರಕ್ಕಿಂತ ಬೇಗ ನಾಟಿತು.

ಏಡ್ಸ್ ವಿಷಯಕ್ಕೆ ಬಂದರೆ ನನ್ನ ಎದೆ ಬೇರೆಯೇ ಬಡಿಯುತ್ತದೆ. ಪುಣೆ–ಬೆಂಗಳೂರು ಹೆದ್ದಾರಿ ನಮ್ಮೂರಿನ ಬಾಗಿಲಲ್ಲೇ ಹಾದುಹೋಗುತ್ತದೆ. ನಮ್ಮ ಬೀದಿಯಲ್ಲೊಬ್ಬ ಲಾರಿ ಚಾಲಕರಿದ್ದರು. ತೊಂಬತ್ತರ ಕೊನೆಯಲ್ಲಿ ಅವರು ಒಣಗಿ ಕಡ್ಡಿಯಾದರು. ಮನೆಯವರು ಕ್ಷಯ ಅನ್ನುತ್ತಿದ್ದರು, ಬೀದಿಯವರು ಬೇರೆ ಹೆಸರನ್ನು ಪಿಸುಗುಟ್ಟುತ್ತಿದ್ದರು. ಅವರ ಮನೆಯ ಕೊಡವನ್ನು ಬೋರ್‌ವೆಲ್ಲಿನ ಸರದಿಯಿಂದ ಕಾಲಿನಲ್ಲಿ ದೂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಹೋದರು. ಹೆಂಡತಿಗೂ ಸೋಂಕು ತಗುಲಿತ್ತು. ಆ ಕಾಲಕ್ಕೆ ಶ್ರೀಮಂತ ದೇಶಗಳಲ್ಲಿ ಔಷಧಿ ಇತ್ತು, ವರ್ಷಕ್ಕೆ 10,000 ಡಾಲರಿಗೂ ಮೇಲೆ. 2001ರಲ್ಲಿ ಮುಂಬೈಯ ಸಿಪ್ಲಾ ಕಂಪನಿ ಅದೇ ಮೂರು ಔಷಧಿಗಳ ಕೂಟವನ್ನು ವರ್ಷಕ್ಕೆ 350 ಡಾಲರಿಗೆ ಕೊಡುವೆ ಎಂದು ಮುಂದೆ ಬಂತು. 2004ರ ಏಪ್ರಿಲ್‌ನಿಂದ ಭಾರತ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿತು. ಆ ತಾಯಿ ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಿಂತು ಗುಳಿಗೆ ತರುತ್ತಾರೆ, ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮಕ್ಕಳನ್ನು ದಡ ಸೇರಿಸಿದರು, ಇವತ್ತಿಗೂ ಗಟ್ಟಿಯಾಗಿದ್ದಾರೆ. ಅವರ ಗುಳಿಗೆ ಬೊನೊ ಕೊಟ್ಟದ್ದಲ್ಲ. ಆದರೆ ಬಡವನಿಗೆ ಈ ಔಷಧಿ ಕೊಟ್ಟು ಏನು ಪ್ರಯೋಜನ ಎನ್ನುತ್ತಿದ್ದ ಜಗತ್ತನ್ನು ಕೊಡಲೇಬೇಕು ಎನ್ನುವಂತೆ ತಿರುಗಿಸಿದವರ ಸಾಲಿನಲ್ಲಿ ಅವನಿದ್ದ.

ತಿರುಗಿಸಿದ ಬಗೆ ನೋಡಿ. ಅಮೆರಿಕದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಏಡ್ಸ್ ಕೆಲಸಕ್ಕೆ ಸರ್ಕಾರದ ಹಣ ಹೋಗುವುದನ್ನು ವರ್ಷಗಟ್ಟಲೆ ವಿರೋಧಿಸಿದವರು, ಕಟ್ಟಾ ಸಂಪ್ರದಾಯಸ್ಥರು. 2000ದಲ್ಲಿ ಬೊನೊ ಅವರ ಕಚೇರಿಗೆ ಹೋಗಿ ಕೂತ. ರಾಜಕೀಯ ಬಿಟ್ಟು ಬೈಬಲ್ ಮಾತಾಡಿದ. ಬಡವರ ಬಗ್ಗೆ ಅದರಲ್ಲಿ ಎಷ್ಟೆಲ್ಲ ಮಾತುಗಳಿವೆ, ಕುಷ್ಠರೋಗಿಗಳನ್ನು ಕ್ರಿಸ್ತ ಹೇಗೆ ಮುಟ್ಟಿದ ಎಂದೆಲ್ಲ. ಮುದುಕರ ಕಣ್ಣು ತುಂಬಿತಂತೆ. 2002ರಲ್ಲಿ ಹೆಲ್ಮ್ಸ್, ಏಡ್ಸ್ ವಿಷಯದಲ್ಲಿ ತಾನು ಇಷ್ಟು ಕಡಿಮೆ ಮಾಡಿದ್ದಕ್ಕೆ ನಾಚಿಕೆಯಾಗುತ್ತದೆ ಎಂದು ಬಹಿರಂಗವಾಗಿಯೇ ಹೇಳಿದರು. 2003ರಲ್ಲಿ ಅಧ್ಯಕ್ಷ ಬುಷ್ ಐದು ವರ್ಷಕ್ಕೆ 1,500 ಕೋಟಿ ಡಾಲರಿನ, ಏಡ್ಸ್ ಚಿಕಿತ್ಸೆಗೆ ನೆರವಾಗುವ ಪೆಪ್‌ಫಾರ್ ಯೋಜನೆ ತಂದರು. ಆಫ್ರಿಕಾದಲ್ಲಿ ಲಕ್ಷಾಂತರ ಜನ ಅದರಿಂದ ಬದುಕಿದರು.

ಅದೇ ವರ್ಷ ಬುಷ್ ಇರಾಕಿನ ಮೇಲೆ ಯುದ್ಧಕ್ಕೂ ಹೊರಟರು. ಐಜ್ವಾಲ್ ಗೆಳೆಯ ಬೊನೊನನ್ನು ಇಂದಿಗೂ ಕ್ಷಮಿಸದ ಜಾಗ ಇದು. ‘ಆ ಕೈ ಹಿಡಿದು ಫೋಟೋ ತೆಗೆಸಿಕೊಂಡವನು ಮತ್ತೆ ಬಿಳಿ ಬಾವುಟ ಹಿಡಿಯಬಾರದಿತ್ತು’ ಅನ್ನುತ್ತಾನೆ. ಬ್ಯಾಂಡಿನೊಳಗೂ ಇದೇ ಮಾತಿತ್ತು. ಬೊನೊ ಬುಷ್, ಬ್ರಿಟನ್ ಪ್ರಧಾನಿ ಬ್ಲೇರ್ ಜೊತೆ ಕಾಣಿಸಿಕೊಳ್ಳುವುದು ತನಗೆ ಸರಿಬರುವುದಿಲ್ಲ ಎಂದು ಲ್ಯಾರಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ನಾನು ಬೊನೊನ ಪರ. ಗುಳಿಗೆಗಾಗಿ ಕಾದು ಕೂತವರಿಗೆ ಹಣ ಕೊಡುವವನ ಕೈ ಶುದ್ಧವಾಗುವ ತನಕ ಕಾಯಲು ಆಯುಸ್ಸಿರುವುದಿಲ್ಲ. ಬೋರ್‌ವೆಲ್ಲಿನ ಬಳಿ ಉರುಳಿದ ಆ ಕೊಡ ಕಂಡವನಾಗಿ ನಾನು ಇದನ್ನು ಬಲವಾಗಿಯೇ ನಂಬುತ್ತೇನೆ.

ನಂಬಿಕೆ, ಹಾಡು, ಸಮಾಜದ ಕೆಲಸ ಮೂರೂ ಒಟ್ಟಿಗೆ ನಡೆಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹರ್ಡೇಕರ್ ಮಂಜಪ್ಪ ‘ಧನುರ್ಧಾರಿ’ ಪತ್ರಿಕೆ ಹೊರಡಿಸಿದ್ದು 1906ರಲ್ಲಿ, ಇದೇ ದಾವಣಗೆರೆಯಿಂದ. 1913ರಲ್ಲಿ ಮೃತ್ಯುಂಜಯ ಸ್ವಾಮಿಗಳ ಜೊತೆ ಸೇರಿ ಇಲ್ಲಿನ ವಿರಕ್ತಮಠದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದವರೂ ಅವರೇ. ಭಜನೆಯೂ ಖಾದಿಯೂ ಅವರಿಗೆ ಒಂದೇ ಸಾಧನೆಯ ಭಾಗವಾಗಿದ್ದವು. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಿಂದ ಶಿವಸಂಚಾರ ತಂಡ ವರ್ಷ ವರ್ಷ ನಾಟಕ, ವಚನ ಗೀತೆ ಹೊತ್ತು ಊರೂರು ಸುತ್ತುತ್ತದೆ. 2019ರ ಆಗಸ್ಟ್ ತಿಂಗಳಿಡೀ ಅಲ್ಲಿನ ಮಠದ ಪಂಡಿತಾರಾಧ್ಯ ಶ್ರೀಗಳು ‘ಮತ್ತೆ ಕಲ್ಯಾಣ’ ಎಂದು ಜಿಲ್ಲೆಯಿಂದ ಜಿಲ್ಲೆಗೆ ಹೋದರು. ವಿದ್ಯಾರ್ಥಿಗಳು ಜಾತಿ, ದೇವರು, ಮೂಢನಂಬಿಕೆ ಕುರಿತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಆ ಸಂವಾದದಲ್ಲಿ ಹುಡುಗಿಯೊಬ್ಬಳು ಧೈರ್ಯವಾಗಿ ಎದ್ದು ನಿಂತು ಮಠಗಳು ಯಾಕೆ ಜಾತಿಗೊಂದು ಎಂದು ಕೇಳಿದಾಗ ಸಭೆಯಲ್ಲಿ ಬಿದ್ದ ಚಪ್ಪಾಳೆ ನನಗೆ ‘40’ರ ಪಲ್ಲವಿಯಷ್ಟೇ ಪ್ರಿಯ.

ಆ ವರ್ಷದ ಡಿಸೆಂಬರಿನಲ್ಲೇ ಯು2 ಮೊದಲ ಸಲ ಭಾರತಕ್ಕೆ ಬಂದದ್ದು. ಡಿಸೆಂಬರ್ 15, ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣ. ದಾವಣಗೆರೆಯಿಂದ ರಾತ್ರಿ ಬಸ್ಸು ಹಿಡಿದು ಹೋದೆ. ‘ಜೋಶುವಾ ಟ್ರೀ’ಯ ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. ಎ.ಆರ್. ರೆಹಮಾನ್ ಬಂದರು, ಇಬ್ಬರೂ ಸೇರಿ ಮಾಡಿದ ‘ಅಹಿಂಸಾ’ ಹಾಡು ಕೇಳಿದೆವು. ಅದರಲ್ಲಿ ತಿರುಕ್ಕುರಳ್‌ನ ಸಾಲುಗಳಿವೆ. ಅವೆಲ್ಲ ಚೆನ್ನಾಗಿಯೇ ಇದ್ದವು.

ಆಮೇಲೆ ‘ಅಲ್ಟ್ರಾವೈಲೆಟ್’. ಆ ಪ್ರವಾಸದಲ್ಲಿ ಈ ಹಾಡು ನುಡಿಸುವಾಗ ಹಿಂದಿನ ದೊಡ್ಡ ಪರದೆಯ ಮೇಲೆ ಜಗತ್ತನ್ನು ಬದಲಿಸಿದ ಹೆಂಗಸರ ಚಿತ್ರಗಳು ಬರುತ್ತಿದ್ದವು, ಆಯಾ ದೇಶದವರದೂ ಸೇರಿ. ನಾನು ಬೊನೊನನ್ನೇ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹುಬ್ಬಳ್ಳಿಯ ಹುಡುಗ ನನ್ನ ತೋಳು ಹಿಡಿದು ಅಲುಗಿಸಿದ. ಪರದೆ ಮೇಲೆ ಗೌರಿ ಲಂಕೇಶ್. ಚಿಕ್ಕ ಕೂದಲು, ಆ ಕಣ್ಣು, ಆ ನಗು, ಕಟ್ಟಡದಷ್ಟು ಎತ್ತರಕ್ಕೆ. 2017ರ ಸೆಪ್ಟೆಂಬರ್ 5ರ ಸಂಜೆ ಬೆಂಗಳೂರಿನ ತಮ್ಮ ಮನೆ ಬಾಗಿಲಲ್ಲಿ ಗುಂಡಿಗೆ ಬಲಿಯಾದ ಹೆಂಗಸು. ನಮ್ಮೂರಿನ ಸಭೆಗಳಿಗೂ ಬಂದು ಹೋದ ಪರಿಚಿತ ಧ್ವನಿ. ಬಸ್ ನಿಲ್ದಾಣದ ಪತ್ರಿಕೆ ಅಂಗಡಿಯಲ್ಲಿ ಅವರ ವಾರಪತ್ರಿಕೆಯನ್ನು ನಾನು ಕೊಂಡು ಓದುತ್ತಿದ್ದೆ. ಎಷ್ಟೋ ಸಲ ಅವರ ಬರಹದ ಜೊತೆ ಮನಸ್ಸಿನಲ್ಲೇ ಜಗಳವಾಡಿದ್ದೇನೆ, ಗೌರಿಯವರು ದೇವರನ್ನು ನಂಬುವವರಲ್ಲ, ನಾನು ನಂಬುವವನು. ಆದರೆ ಆ ರಾತ್ರಿ ದೇವರ ಜೊತೆ ತಕರಾರು ಮಾಡುತ್ತಲೇ ಬಂದ ನಾಲ್ವರು ತಮ್ಮ ಹಾಡಿನ ಬೆಳಕನ್ನು ನಾಸ್ತಿಕಳಾದ ಕನ್ನಡದ ಹೆಂಗಸಿನ ಮುಖದ ಮೇಲೆ ಬೀಳಿಸಿದರು. ಆ ಹುಡುಗ ‘ನಮ್ಮ ಗೌರಿ, ನಮ್ಮ ಗೌರಿ’ ಅನ್ನುತ್ತಿದ್ದ. ನನಗೆ ದನಿ ಹೊರಡಲಿಲ್ಲ.

ಅಭಿಮಾನಿ ಎಂಬ ಕಾರಣಕ್ಕೆ ಎಲ್ಲವನ್ನೂ ನಾನು ಒಪ್ಪಬೇಕಿಲ್ಲ. ಬಡತನದ ಬಗ್ಗೆ ಸರ್ಕಾರಗಳಿಗೆ ಬುದ್ಧಿ ಹೇಳುವವರು 2006ರಲ್ಲಿ ತೆರಿಗೆ ಉಳಿಸಲು ವ್ಯವಹಾರದ ಒಂದು ಭಾಗವನ್ನು ನೆದರ್‌ಲೆಂಡ್ಸಿಗೆ ಸಾಗಿಸಿದ್ದು ತಪ್ಪು, ಕಾನೂನು ಒಪ್ಪಿದರೂ ತಪ್ಪೇ. ಆಸ್ಪತ್ರೆ ನಡೆಯುವುದು ತೆರಿಗೆಯ ಹಣದಲ್ಲೇ. ಗೃಹಬಂಧನದಲ್ಲಿದ್ದ ಮ್ಯಾನ್ಮಾರ್ ನಾಯಕಿ ಆಂಗ್ ಸಾನ್ ಸೂಕಿಗಾಗಿ ಹಾಡು ಬರೆದು, ಅವರ ಬಿಡುಗಡೆಗಾಗಿ ಊರೂರು ಪ್ರಚಾರ ಮಾಡಿದವರಿಗೆ ಅದೇ ದೇಶದ ಅಲ್ಪಸಂಖ್ಯಾತ ರೊಹಿಂಗ್ಯಾಗಳ ಮೇಲಿನ ದೌರ್ಜನ್ಯದ ಮುಂದೆ ಸೂಕಿಯ ಮೌನ ದೊಡ್ಡ ಪೆಟ್ಟಾಯಿತು. 2017ರಲ್ಲಿ ಬ್ಯಾಂಡಿನವರು ತಮ್ಮ ನಿರಾಸೆಯನ್ನು ಬಹಿರಂಗವಾಗಿ ಬರೆದರು, ಅದು ಸರಿಯಾದ ಕೆಲಸ. ಬದುಕಿರುವವರನ್ನು ಹಾಡಿನಲ್ಲಿ ಮೂರ್ತಿಯಾಗಿಸುವ ಅಪಾಯ ಸ್ಥಾವರದ ಬಗ್ಗೆ ಎಚ್ಚರಿಸಿದ ಬಸವಣ್ಣನ ನಾಡಿನವರಿಗೆ ಬೇಗ ಅರ್ಥವಾಗಬೇಕು. ನಮಗೂ ಆಗಿಲ್ಲ.

2025ರ ಆಗಸ್ಟಿನಲ್ಲಿ ಗಾಜಾ ಕುರಿತು ನಾಲ್ವರೂ ಬರೆದರು. ಒಂದೇ ಹೇಳಿಕೆಗೆ ನಾಲ್ಕು ಸಹಿ ಹಾಕಿ ಸುಮ್ಮನಾಗಲಿಲ್ಲ, ನಾಲ್ವರೂ ಬೇರೆ ಬೇರೆಯಾಗಿ, ತಮ್ಮ ತಮ್ಮ ಮಾತಿನಲ್ಲಿ ಬರೆದರು. ನನಗೆ ಅದು ಹಿಡಿಸಿತು. ಈಗ ಗುವಾಹಟಿಯಲ್ಲಿರುವ ಗೆಳೆಯನಿಗೆ ಹಿಡಿಸಲಿಲ್ಲ. ‘ಮಕ್ಕಳು ಹಸಿವಿನಿಂದ ಸಾಯಲು ಶುರುವಾದ ಮೇಲೆ ಬರೆದರೆ ಅದು ತಡವಾದ ಮಾತು. ಡೆನ್ವರ್‌ನಲ್ಲಿ ಅದೇ ರಾತ್ರಿ ಸಿಡಿದವನಿಗೆ ಈಗ ಇಷ್ಟು ದಿನ ಬೇಕಾಯಿತೇ?’ ಎಂದು ಫೋನಿನಲ್ಲಿ ಕೇಳಿದ. ತಡವಾಯಿತು ಎಂದು ನಾನೂ ಒಪ್ಪಿದೆ. ಲ್ಯಾರಿ ಬರೆದದ್ದನ್ನು ಇನ್ನೊಮ್ಮೆ ಓದು ಎಂದೆ. ಓದಿದ್ದೇನೆ, ಸಾಲದು ಎಂದ. ಹಾಗಾದರೆ ಇನ್ನು ಅವರ ಹಾಡು ಕೇಳುವುದಿಲ್ಲವೇ ಎಂದರೆ, ಕೇಳುತ್ತೇನೆ, ಪ್ರತಿ ಭಾನುವಾರ ಚರ್ಚಿನ ಹುಡುಗರಿಗೆ ‘40’ ಕಲಿಸುತ್ತಿದ್ದೇನೆ ಎಂದ. ಆ ಹಾಡಿನಲ್ಲಿ ಎಡ್ಜ್ ನುಡಿಸಿದ ಭಾಗಕ್ಕೆ ಅವನಿಗೊಬ್ಬ ಬೇಸ್ ವಾದಕ ಬೇಕಾಗಿದ್ದಾನಂತೆ, ಹುಡುಕುತ್ತಿದ್ದಾನೆ.